ಒಂದೇ ತಲೆ, ಎರಡು ಫೇಟಾ

ಗಡಹಿಂಗ್ಲಜದ ಮಲ್ಲಾರಿ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಚಹಾ ಮುಟ್ಟುವ ಮೊದಲು, ದೇವರ ಜಗಲಿಯ ಮೇಲಿನ ಬೀರಪ್ಪನ ತಂಬಿಗೆಗೆ ಒಂದು ಬಿಳಿ ಫೇಟಾ ಸುತ್ತುತ್ತಾನೆ. ಜ್ವರ ಬಂದ ದಿನವೂ ತಪ್ಪಿಸಿದವನಲ್ಲ. ಇಪ್ಪತ್ತು ವರ್ಷವಾಯಿತು, ದೇವರ ಫೇಟಾದ ಬಣ್ಣ ಬದಲಾಗಿಲ್ಲ. ಉಳಿದವರ ತಲೆಗೆ ಯಾವ ಬಣ್ಣ ಎಂಬುದಕ್ಕೆ ಮಾತ್ರ ಆಯಾ ದಿನದ ಪೇಪರು ನೋಡಬೇಕು.

ಮದುವೆ, ಸತ್ಕಾರ, ಪಕ್ಷಪ್ರವೇಶ ಯಾವುದೇ ಇರಲಿ, ಫೇಟಾ ಕಟ್ಟುವುದು ಅವನ ಕಸುಬು. ಅಪ್ಪನಿಂದ ಬಂದ ನೇಮವೊಂದಿತ್ತು: ಮಾನಕ್ಕೆಂದು ಕಟ್ಟಿದ್ದನ್ನು ಕಟ್ಟಿದ ಕೈ ಬಿಚ್ಚಬಾರದು. ತೊಟ್ಟವನೇ ಎರಡೂ ಕೈಯಿಂದ ಎತ್ತಿ ಕೊಡಬೇಕು.

ಆ ಸೋಮವಾರ ಮುಂಬೈಯ ವಿಧಾನಸಭೆಯಲ್ಲಿ ಸರ್ಕಾರದ ಬಹುಮತಕ್ಕೆ ಒಂದೇ ಒಂದು ತಲೆ ಕಡಿಮೆ ಬಿದ್ದಿತ್ತು. ಯಾವ ಪಕ್ಷಕ್ಕೂ ಸೇರದೆ ಗೆದ್ದ ಊರಿನ ಶಾಸಕ, ಆಮದಾರ ಅತುಲರಾವ್ ಅವರ ತಲೆಗೆ ಒಮ್ಮೆಲೇ ಬೆಲೆ ಬಂತು.

ಹೆಂಡತಿ ಗೌರವ್ವ ಬಾಗಿಲಲ್ಲೇ ಗಂಡನನ್ನು ತಡೆದಳು. "ಇವತ್ತ ಸಾಹೇಬ್ರ ತಲಿ ನಿಮ್ಮ ಕೈಯಾಗ ಇರ್ತೈತಿ. ಪೂನಮಂದು ಕೇಳೇ ಬರ್ರಿ."

ಮಗಳು ಪೂನಮ ನರ್ಸಿಂಗ್ ಮುಗಿಸಿದ್ದಳು. ಸರ್ಕಾರಿ ದವಾಖಾನೆಯ ಕಾಯುವವರ ಯಾದಿಯಲ್ಲಿ ಅವಳ ಹೆಸರು ಎರಡು ವರ್ಷದಿಂದ ಏಳನೆಯದು. ಆಮದಾರರ ಒಂದು ಚಿಠ್ಠಿ ಸಿಕ್ಕರೆ ಅದು ಒಂದನೆಯದಾಗುತ್ತದೆಂದು ಊರೆಲ್ಲ ಹೇಳುತ್ತಿತ್ತು.

ಹತ್ತು ಗಂಟೆಗೆ ಕೊಲ್ಲಾಪುರದಲ್ಲಿ ಸಾಹೇಬರ ತಲೆಗೆ ವಿರೋಧ ಪಕ್ಷದವರ ಹಳದಿ ಫೇಟಾ ಕಟ್ಟಿದ್ದಾಯಿತು. ಕೇಳಬೇಕೆಂದು ಮಲ್ಲಾರಿ ಬಾಯಿ ತೆರೆಯುವಷ್ಟರಲ್ಲಿ ಸಾಹೇಬರಿಗೆ ಫೋನು ಬಂತು. ಅವನನ್ನೂ ಕಾರಿಗೆ ಹಾಕಿಕೊಂಡು ಇಚಲಕರಂಜಿಗೆ ಓಡಿದರು. ಅಲ್ಲಿ ಆಳುವ ಪಕ್ಷದವರು ನೇರಳೆ ಬಟ್ಟೆ ಹಿಡಿದು ನಿಂತಿದ್ದರು.

"ಹಳದೀದು ತಗೀರಿ ಸಾಹೇಬ್ರ," ಎಂದ ಮಲ್ಲಾರಿ.

"ನೀನ ತಗಿಯೋ. ನಾನ ತಗದ್ರ ಟಿವಿಯಾಗ ಅದ ತೋರಸ್ತಾರ."

"ನಾ ಕಟ್ಟಿದ್ದು ನಾ ಬಿಚ್ಚಂಗಿಲ್ಲರಿ. ಅಪ್ಪನ ಮಾತು."

"ಹಂಗಾರ ಮ್ಯಾಲ ಸುತ್ತ ಮಾರಾಯಾ, ಮಂತ್ರಿ ಬಂದ್ರು!"

ಮಲ್ಲಾರಿ ಹಳದಿಯ ಮೇಲೆಯೇ ನೇರಳೆ ಸುತ್ತಿದ. ಒಂದು ಎಳೆ ಹಳದಿಯೂ ಹೊರಗೆ ಕಾಣಲಿಲ್ಲ. ಮುಂದೆ ಕೂತ ಮುದುಕಿಯೊಬ್ಬಳು ಪಕ್ಕದವಳನ್ನು ತಿವಿದಳು. "ನೋಡವಾ, ಆರಿಸಿ ಬಂದ ಮ್ಯಾಲ ತಲಿ ಹ್ಯಾಂಗ ಬಾತೈತಿ!" ಅಭಿವೃದ್ಧಿಗಾಗಿಯೇ ಬಂದೆನೆಂದು ಸಾಹೇಬರು ಗದ್ಗದಿತರಾದರು. ಕುತ್ತಿಗೆ ಮಾತ್ರ ಭಾರಕ್ಕೆ ಒಂದು ಕಡೆ ವಾಲುತ್ತಿತ್ತು.

ಹಿಂತಿರುಗುವಾಗ ಕಾಗಲದ ಹತ್ತಿರ ಮತ್ತೆ ಫೋನು. ನೇರಳೆಯವರು ಕೊಡುತ್ತೇವೆಂದ ಮಂತ್ರಿಗಿರಿ ಬೇರೆಯವನ ಪಾಲಾಗಿತ್ತು. ಹಳದಿಯವರು ವಿಧಾನಸಭೆಯಲ್ಲಿ ತಮ್ಮ ಪಕ್ಷದ ಉಪನಾಯಕನ ಸ್ಥಾನ ಕೊಡುತ್ತಾರಂತೆ. ಸಾಹೇಬರು ಕಾರು ನಿಲ್ಲಿಸಿ, ತಾವೇ ಎರಡೂ ಕೈಯಿಂದ ನೇರಳೆಯನ್ನು ಎತ್ತಿ ಮಲ್ಲಾರಿಯ ತೊಡೆಯ ಮೇಲಿಟ್ಟರು. ಕೆಳಗಿನ ಹಳದಿ ಸುಕ್ಕು ಸಹ ಬೀಳದೆ ಸಿದ್ಧವಾಗಿ ಕೂತಿತ್ತು. ಕನ್ನಡಿಯಲ್ಲಿ ನೋಡಿಕೊಂಡು ಅವರಿಗೆ ಆನಂದವೋ ಆನಂದ.

"ಶಾಣ್ಯಾ ಅದಿ ಮಲ್ಲಾರಿ! ಮತ್ತ ಕಟ್ಟೂ ತ್ರಾಸ ತಪ್ಪಿಸಿದಿ. ಮಗಳು ನರ್ಸ್ ಆಗ್ಯಾಳಲ್ಲಾ? ಈಗಿಂದೀಗ ಚಿಠ್ಠಿ ಬರದ ಕೊಡ್ತೇನಿ. ಮೇಲಿದ್ದ ಆರು ಮಂದೀನ ಕೆಳಗ ಇಳಸೋಣು."

ಕಾರಿನ ಸೀಟಿನ ಮೇಲೆ ಎರಡು ಲೆಟರ್‌ಪ್ಯಾಡುಗಳಿದ್ದವು, ಒಂದು ಹಳದಿ, ಒಂದು ನೇರಳೆ. ಸಾಹೇಬರ ಕೈ ಯಾವುದನ್ನು ಎತ್ತಬೇಕೆಂದು ತಡವರಿಸುತ್ತಿತ್ತು. ಆ ಆರು ಮಂದಿಗೂ ಅಪ್ಪಂದಿರಿರಬೇಕು ಎಂಬುದು ಮಲ್ಲಾರಿಗೆ ಆಗ ಹೊಳೆಯಿತು. ಗೌರವ್ವನ ಮುಖವೂ ಕಣ್ಣ ಮುಂದೆ ಬಂತು. ಅವನು ನೇರಳೆ ಬಟ್ಟೆಯನ್ನು ನಿಧಾನವಾಗಿ ಮಡಚಿದ.

"ಬ್ಯಾಡ್ರಿ ಸಾಹೇಬ್ರ," ಎಂದ. "ಅಕಿ ಹೆಸರು ಎರಡ ವರ್ಷದಿಂದ ಒಂದ ಜಾಗಾದಾಗ ನಿಂತೈತಿ. ಪಾಳಿ ಬರೂ ತನಕಾ ಅಲ್ಲೇ ನಿಲ್ಲಲಿ ಬಿಡ್ರಿ."