ರೇಡಿಯೇಟರಿನ ಮೇಲಿನ ಸಂಡಿಗೆ

ಅಮೆರಿಕದ ಫ್ರೀಮಾಂಟಿನ ಇಂಡಿಯನ್ ಗ್ರೋಸರಿಯಲ್ಲಿ ಸಬ್ಬಸಿಗೆ ಸೊಪ್ಪು ಕಂಡರೆ, ಬೇಕಿರಲಿ ಬೇಡದಿರಲಿ, ನಾನು ತಂದುಬಿಡುತ್ತೇನೆ. ಮೊನ್ನೆ ಸಂಜೆಯೂ ತಂದೆ. ಕಟ್ಟು ಬಿಚ್ಚುತ್ತಿದ್ದಂತೆ ಅಡುಗೆಮನೆ ಘಮ್ಮೆಂದಿತು. ನಿಮಗಾದರೆ ಆ ವಾಸನೆಗೆ ಅಕ್ಕಿರೊಟ್ಟಿ ನೆನಪಾಗಬಹುದು. ನನಗೆ ಗಾಲ್ಯಾ ನೆನಪಾಗುತ್ತಾಳೆ.

ಸೋವಿಯತ್ ಒಕ್ಕೂಟ ಇನ್ನೂ ಇದ್ದ ಕಾಲ. ನಮ್ಮ ಯಜಮಾನರನ್ನು ತರಬೇತಿಗೆಂದು ಅಲ್ಲಿನ ಒಂದು ಕಾರ್ಖಾನೆ ಊರಿಗೆ ಕಳಿಸಿದ್ದರು. ನಾನು ಹೊಸದಾಗಿ ಮದುವೆಯಾಗಿ ಮೈಸೂರಿನಿಂದ ಹೋದವಳು. ಆ ಊರಿಗೆ ಕಾರ್ಖಾನೆಯೇ ತಾಯಿ ತಂದೆ. ಶಾಲೆ, ಆಸ್ಪತ್ರೆ, ಬ್ರೆಡ್ಡಿನ ಅಂಗಡಿ, ಎಲ್ಲ ಅದರದ್ದೇ. ಮನೆ ಬೆಚ್ಚಗಿಡುವ ಬಿಸಿನೀರು ಕೂಡ ಅಲ್ಲಿಂದಲೇ ಕೊಳವೆಗಳಲ್ಲಿ ಬಂದು ಗೋಡೆಯ ರೇಡಿಯೇಟರುಗಳಲ್ಲಿ ಹರಿಯುತ್ತಿತ್ತು. ಅದನ್ನು ಕಮ್ಮಿ ಮಾಡಲು ತಿರುಪು ಇರಲಿಲ್ಲ. ಸೆಕೆಯಾದರೆ, ಹೊರಗೆ ಹಿಮ ಸುರಿಯುತ್ತಿದ್ದರೂ, ಕಿಟಕಿ ತೆಗೆಯಬೇಕು.

ಒಂದು ದಿನ ಒಳ್ಳೆಯ ಬಿಸಿಲು ಬಂತು. ಮೈಸೂರಿನ ಬುದ್ಧಿ ಎಲ್ಲಿ ಹೋಗುತ್ತದೆ? ಹಿಟ್ಟು ಕಾಯಿಸಿ, ಬಾಲ್ಕನಿಯಲ್ಲಿ ಬಟ್ಟೆ ಹಾಸಿ, ಅಕ್ಕಿ ಸಂಡಿಗೆ ಇಟ್ಟೆ. ಸಂಜೆ ನೋಡಿದರೆ ಎಳ್ಳು ಹಾಕಿದ ಹಾಗೆ ಎಲ್ಲದರ ಮೇಲೂ ಮಸಿ. ಕಾರ್ಖಾನೆಯ ಚಿಮಣಿಗಳ ಕೃಪೆ. ನಾನು ಅಳುಮೋರೆ ಹಾಕಿಕೊಂಡು ನಿಂತಿದ್ದಾಗ ಪಕ್ಕದ ಬಾಲ್ಕನಿಯಲ್ಲಿ ಯಾರೋ ನಕ್ಕರು. ಅವಳೇ ಗಾಲ್ಯಾ, ಕಾರ್ಖಾನೆಯಲ್ಲಿ ಕ್ರೇನು ನಡೆಸುತ್ತಿದ್ದ ದಪ್ಪನೆಯ ಹೆಂಗಸು.

“ಇಲ್ಲಿ ಬೆಳ್ಳಗಿರೋದನ್ನ ಏನೂ ಹೊರಗಿಡಬಾರದು ಕಣೇ. ಒಳಗೆ ತಗೊಂಡು ಬಾ,” ಎಂದು ತನ್ನ ರೇಡಿಯೇಟರಿನ ಮೇಲೆ ಹಲಗೆ ಇಟ್ಟುಕೊಟ್ಟಳು. ಮುಂದಿನ ಸಲ ನನ್ನನ್ನು ಕೇಳದೆಯೇ ಹಿಟ್ಟಿಗೆ ಸಬ್ಬಸಿಗೆ ಹೆಚ್ಚಿ ಸುರಿದಳು. ಆ ಜನ ಸಬ್ಬಸಿಗೆಯನ್ನು ಯಾವುದಕ್ಕೆ ಹಾಕುವುದಿಲ್ಲ ಹೇಳಿ! ನಾನು ಮುಖ ಸಿಂಡರಿಸಿಕೊಂಡೇ ಕರಿದೆ. ಒಪ್ಪಿಕೊಳ್ಳಬೇಕು, ಚೆನ್ನಾಗಿತ್ತು.

ನಾವು ಊರಿಗೆ ಹೊರಟ ದಿನ ಅವಳು ರೇಡಿಯೇಟರನ್ನು ತಟ್ಟಿ, “ಕಾರ್ಖಾನೆ ಇರೋವರೆಗೂ ಇದು ಬೆಚ್ಚಗಿರುತ್ತೆ. ಇದು ಬೆಚ್ಚಗಿರೋವರೆಗೂ ನಾನು ಇರ್ತೀನಿ,” ಎಂದಿದ್ದಳು.

ಆಮೇಲೆ ದೇಶವೇ ಒಡೆಯಿತು. ಪತ್ರಗಳು ನಿಂತವು. ಕಾರ್ಖಾನೆ ಮುಚ್ಚಿತಂತೆ, ಅರ್ಧ ಊರು ಖಾಲಿಯಂತೆ ಎಂದು ಯಜಮಾನರು ಯಾರಿಂದಲೋ ಕೇಳಿಕೊಂಡು ಬಂದರು. ಅವಳ ಕಡೆಯ ಮಾತು ನನ್ನನ್ನು ಬಿಡಲೇ ಇಲ್ಲ. ನಗಬೇಡಿ, ಮಗಳ ಜೊತೆಗಿರಲು ಕ್ಯಾಲಿಫೋರ್ನಿಯಕ್ಕೆ ಬಂದ ಮೇಲೂ ಬೆಳಗ್ಗೆ ಎದ್ದವಳೇ ಹೀಟರ್ ಹಾಕಿ, ಅದರ ಮುಂದೆ ಕೈಯೊಡ್ಡಿ ನೋಡುತ್ತಿದ್ದೆ.

“ಅಮ್ಮಾ, ಮತ್ತೆ ಹೀಟರ್ ಆನ್ ಮಾಡಿದ್ಯಾ? ಹೊರಗೆ ಎಷ್ಟು ಬಿಸಿಲಿದೆ ನೋಡು!” ಎಂದು ಮಗಳು ಅನು ದಿನವೂ ಬೈಯುತ್ತಿದ್ದಳು.

ಇದು ಬೆಚ್ಚಗಿದ್ದರೆ ಅಲ್ಲಿ ಗಾಲ್ಯಾಳೂ ಬೆಚ್ಚಗಿದ್ದಾಳೆ ಅನ್ನಿಸುತ್ತದೆ ಎಂದು ಕೊನೆಗೊಮ್ಮೆ ಕಾರಣ ಹೇಳಿದೆ. ಅವಳು ಬೈಯಲಿಲ್ಲ. ಆ ಊರಿನವರೆಲ್ಲ ಸೇರುವ ಗ್ರೂಪೊಂದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ, ಗಾಲ್ಯಾಳ ಪಕ್ಕ ಸೀರೆಯ ಮೇಲೆ ಕೋಟು ತೊಟ್ಟು ನಿಂತ ನನ್ನ ಫೋಟೋ ಹಾಕಿದಳು. ಮೊನ್ನೆ ನಾನು ಸೊಪ್ಪು ಬಿಡಿಸುತ್ತಿದ್ದಾಗ, “ಅಮ್ಮಾ, ಬೇಗ ಬಾ, ವಿಡಿಯೋ ಕಾಲ್!” ಎಂದು ಕೂಗಿದಳು.

ನಮಗೆ ಸಂಜೆ, ಅಲ್ಲಿ ಬೆಳಗು. ಪರದೆಯ ತುಂಬ ಗಾಲ್ಯಾ! ಹಲ್ಲು ಹೋಗಿದ್ದವು, ನಗು ಹಾಗೇ ಇತ್ತು. ನನ್ನ ತುಕ್ಕು ಹಿಡಿದ ರಷ್ಯನ್ನಿನಲ್ಲಿ ಮೊದಲು ಹೊರಟದ್ದು, “ಚಳಿಯಾಗಲ್ವಾ ನಿಂಗೆ?”

“ಮೊದಮೊದಲು ಕೋಟು ಹಾಕ್ಕೊಂಡೇ ಮಲಗ್ತಿದ್ವಿ. ಈಗ ನೋಡು,” ಎಂದು ಫೋನನ್ನು, ರೇಡಿಯೇಟರಿಗೆ ನೀರು ಕಾಯಿಸುವ ಗೋಡೆಯ ಪುಟ್ಟ ಬಾಯ್ಲರಿನತ್ತ ತಿರುಗಿಸಿದಳು. “ತಿರುಪು ಇದೆ! ಬೇಕಂದ್ರೆ ಜಾಸ್ತಿ, ಬೇಡಾಂದ್ರೆ ಕಮ್ಮಿ.”

“ಕಾರ್ಖಾನೆ ಹೋಯ್ತಲ್ಲ, ಬೇಜಾರಿಲ್ವಾ?”

“ನನ್ನ ಕ್ರೇನನ್ನ ಗುಜರಿಗೆ ಹಾಕಿದಾಗ ಅತ್ತಿದ್ದೆ. ಆದ್ರೆ ಇಲ್ಲಿ ನೋಡು,” ಎಂದು ಬಾಲ್ಕನಿಯ ಬಾಗಿಲು ತೆಗೆದಳು.

ಬಿಸಿಲಿನಲ್ಲಿ, ಹಾಸಿದ ಬಟ್ಟೆಯ ಮೇಲೆ, ಸಾಲಾಗಿ ಸಂಡಿಗೆ. ಸಬ್ಬಸಿಗೆಯ ಹಸಿರು ಬಿಟ್ಟರೆ ಒಂದೇ ಒಂದು ಕಪ್ಪು ಚುಕ್ಕೆ ಇರಲಿಲ್ಲ. ನಾನು ಅತ್ತೆ, ಅವಳು ನಕ್ಕಳು.

ಮರುದಿನ ಅನು ಎದ್ದು ಬಂದಾಗ ನಾನು ಹಿತ್ತಲಿನಲ್ಲಿ ಸಂಡಿಗೆ ಇಡುತ್ತಿದ್ದೆ.

“ಏನಮ್ಮಾ, ಇವತ್ತು ಹೀಟರ್ ಹಾಕೇ ಇಲ್ಲ?”

“ಗಾಲ್ಯಾಗೆ ಚಳಿಯಿಲ್ವಂತೆ ಕಣೇ,” ಎಂದೆ.