ವಾರ್ಡಿಗೆ ಗಾಳಿಯ ಸುದ್ದಿ

“ತಂಗೀ, ಹೊರಗ ಗಾಳಿ ಯಾ ಕಡಿಂದ ಬೀಸಾಕತ್ತದ?”

ಈ ಅಂಕಣ ಓದುತ್ತ ಕೂತಿದ್ದೀರಲ್ಲ, ನಿಮ್ಮನ್ನೇ ಕೇಳುತ್ತೇನೆ. ಕಿಟಕಿಯತ್ತ ನೋಡದೆ ಹೇಳಿ. ಗೊತ್ತಾ?

ನನಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ರಾಯಚೂರಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೇನೆ. ತಂಗಾಳಿ, ಸುಳಿಗಾಳಿ, ಬಿರುಗಾಳಿ ಎಂದು ಬೋರ್ಡಿನ ಮೇಲೆ ಬರೆದು ಸಮಾಸ ಬಿಡಿಸುತ್ತೇನೆ. ಆದರೆ ಆವತ್ತಿನ ಗಾಳಿ ಯಾವ ಕಡೆಯದು ಎಂದು ಯಾರಾದರೂ ಕೇಳಿದ್ದು ಅದೇ ಮೊದಲು.

ಕೇಳಿದ್ದು ಊರಿನ ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಕಿಟಕಿಯಿಂದ ದೂರದ ಮಂಚದಲ್ಲಿ ಮಲಗಿದ್ದ, ನಾನು ಅದುವರೆಗೆ ಕಂಡೇ ಇರದ ಹೆಂಗಸು. ನಾನು ಹೋಗಿದ್ದು ನಮ್ಮ ಕಾಲೇಜಿನ ಗೆಳತಿಯನ್ನು ನೋಡಲು. ಅವಳಿಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಹೋಗಿ ನೋಡಿದರೆ ಅವಳು ಬೆಳಿಗ್ಗೆಯೇ ಡಿಸ್ಚಾರ್ಜ್ ಆಗಿದ್ದಾಳೆ! (ಒಂದು ಫೋನ್ ಮಾಡಿ ಹೋಗಬೇಕಿತ್ತು. ಮಾಡಿರಲಿಲ್ಲ.) ನಿಜ ಹೇಳಲೇ? ಒಳಗೊಳಗೇ ಖುಷಿಯಾಯಿತು. ಆಸ್ಪತ್ರೆಯ ಫಿನಾಯಿಲ್ ವಾಸನೆ ನನಗೆ ಆಗಿಬರುವುದಿಲ್ಲ. ಮೋಸಂಬಿ ಚೀಲ ಹಿಡಿದು ಬಾಗಿಲ ಕಡೆ ತಿರುಗಿದ್ದೆ. ಆಗ ಬಂತು ಆ ಪ್ರಶ್ನೆ.

“ನೋಡಿ ಬಂದು ಹೇಳ್ತೀನಿ ಯವ್ವಾ” ಅಂದೆ. ತಪ್ಪಿಸಿಕೊಳ್ಳಲು ಆಡಿದ ಮಾತು ಅದು. ಕೆಳಗಿಳಿದು ಆಟೊ ಹತ್ತಿಬಿಟ್ಟರೆ ಯಾರು ಕೇಳುತ್ತಾರೆ?

ಆದರೆ ಹೊರಗೆ ಬಂದವಳು ಯಾಕೋ ನಿಂತೆ.

ಕಾಂಪೌಂಡಿನ ಉದ್ದಕ್ಕೂ ಪೇಷಂಟುಗಳ ಕಡೆಯವರು ಸೀರೆ ಒಣಗಹಾಕಿದ್ದರು. ಕೆಂಪು, ಹಸಿರು, ಅರಿಶಿನ. ಎಲ್ಲವೂ ಒಂದೇ ಕಡೆಗೆ ಮೆಲ್ಲಗೆ ಎದ್ದು, ಹಿಗ್ಗಿ, ಮತ್ತೆ ಗೋಡೆಗೆ ಒರಗುತ್ತಿದ್ದವು. ಬಿಸಿಲು ನೆತ್ತಿಯ ಮೇಲಿತ್ತು, ದಿಕ್ಕು ತಿಳಿಯಲಿಲ್ಲ. ಮೊಬೈಲಿನಲ್ಲಿ ಕಂಪಾಸ್ ತೆರೆದೆ. (ನಗಬೇಡಿ. ನನ್ನ ಅವ್ವನಿಗೆ ಇದು ನೆರಳು ನೋಡಿಯೇ ಗೊತ್ತಾಗುತ್ತಿತ್ತು.) ಸೀರೆಗಳು ಪಡುವಣಕ್ಕೆ ಏಳುತ್ತಿದ್ದವು. ಅಂದರೆ ಗಾಳಿ ಮೂಡಣದ್ದು. ಖಾತ್ರಿ ಮಾಡಿಕೊಳ್ಳಲು ಬೇವಿನ ಮರದ ಕೆಳಗೆ ಹೋಗಿ ಎಲೆ ನೋಡಿದೆ. ಕೈ ಚಾಚಿ ನಿಂತೆ. ಅಂಗೈಗೆ ತಣ್ಣಗೆ ತಗುಲಿತು.

ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಇಲ್ಲಿ ಸ್ವಲ್ಪ ನನ್ನ ಕಥೆ ಹೇಳಬೇಕು. ನನ್ನ ಅಪ್ಪ ಮಾನ್ವಿಯಲ್ಲಿ ಹಮಾಲಿ ಮಾಡಿದವರು. ಅವ್ವ ಹಿರೇಕೊಟ್ನೆಕಲ್ಲಿನ ಗದ್ದೆಗಳಲ್ಲಿ ನಾಟಿ ಮಾಡಿದವಳು. ಮನೆಯ ಗೋಡೆಯ ಮೇಲೆ ಅಪ್ಪ ಬುದ್ಧನ ಪಟ ತೂಗುಹಾಕಿದ ದಿನದಿಂದ ನಾವು ಅವನ ಹಾದಿಯವರು. ಹತ್ತು ವರ್ಷದಿಂದ ಪ್ರತಿ ಭಾನುವಾರ ಬುದ್ಧ ವಿಹಾರಕ್ಕೆ ಹೋಗಿ ಕಣ್ಣು ಮುಚ್ಚಿ ಕೂರುತ್ತೇನೆ. “ಉಸಿರು ಮೂಗಿನ ತುದಿಗೆ ತಗುಲುವುದನ್ನು ಗಮನಿಸಿ” ಎನ್ನುತ್ತಾರೆ ಅಲ್ಲಿನ ಭಿಕ್ಷು, ನಮ್ಮ ಭಂತೇಜಿ. ಗಮನಿಸುತ್ತೇನೆ. ಎರಡನೇ ಉಸಿರಿಗೆ ಗ್ಯಾಸ್ ಬುಕ್ ಮಾಡಿಲ್ಲವೆಂದು ನೆನಪಾಗುತ್ತದೆ. ನಾಲ್ಕನೆಯದಕ್ಕೆ ಪೇಪರ್ ವ್ಯಾಲ್ಯುಯೇಷನ್. ಆರನೆಯದಕ್ಕೆ ಪಕ್ಕದ ಮನೆಯವರ ಹೊಸ ಕಾರು. ಹತ್ತು ವರ್ಷದಲ್ಲಿ ದಕ್ಕಿದ್ದು ಮಂಡಿನೋವು ಮಾತ್ರ.

ಆವತ್ತು ಬೇವಿನ ಮರದ ಕೆಳಗೆ ಕೈ ಚಾಚಿ ನಿಂತಾಗ ನನ್ನ ತಲೆಯಲ್ಲಿ ಗ್ಯಾಸ್ ಸಿಲಿಂಡರ್ ಇರಲಿಲ್ಲ. ಕಾರೂ ಇರಲಿಲ್ಲ. ನಾನೇ ಇದ್ದೆನೋ ಇಲ್ಲವೋ. ಮೂಗಿನ ತುದಿಯಲ್ಲಿ ಸಿಗದ ಗಾಳಿ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಸಿಕ್ಕಿತ್ತು.

ಮೇಲೆ ಹೋದೆ. “ಮೂಡಲ ಕಡಿಂದ ಯವ್ವಾ” ಅಂದೆ.

ಆಕೆ ಕಣ್ಣು ಮುಚ್ಚಿದಳು. ಮುಖದ ಗೆರೆಗಳೆಲ್ಲ ಸಡಿಲಾದವು. “ಹಂಗಾದ್ರ ಹಳ್ಳದ ಕಡಿ ಮುಖ ಮಾಡ್ಯಾವ” ಅಂದಳು.

“ಯಾವು?”

“ಇನ್ಯಾವು? ನಮ್ಮ ಕುರಿ.”

ಆಕೆಯ ಹೆಸರು ಯಂಕವ್ವ. ದೇವದುರ್ಗ ತಾಲೂಕಿನ ಜಾಲಹಳ್ಳಿಯವಳು. ಅರವತ್ತು ದಾಟಿದ ವಯಸ್ಸು. ಮದುವೆಯಾಗಿ ಬಂದಾಗಿನಿಂದ ಗಂಡನ ಜೊತೆ ಕುರಿ ಹಿಂದೆ ನಡೆದವಳು. ಸುಗ್ಗಿ ಮುಗಿಯುತ್ತಲೇ ಇವರ ಮಂದೆ ಮಾನ್ವಿ ಕಡೆಯ ಹೊಲಗಳಿಗೆ ಇಳಿಯುತ್ತದೆ. ಈ ಸಲವೂ ಇಳಿದಿತ್ತು. ಒಂದು ಮುಂಜಾನೆ ಮರಿಗೆ ಹಾಲು ಕುಡಿಸುತ್ತ ಬಗ್ಗಿದ್ದಾಗ ಹಿಂದಿನಿಂದ ಟಗರು ಗುದ್ದಿತು. ಬಿದ್ದವಳು ಏಳಲಿಲ್ಲ. ಸೊಂಟದ ಹತ್ತಿರ ಎಲುಬು ಮುರಿದಿತ್ತು. ಗಂಡನೂ ಮಗನೂ ಮಂದೆ ಬಿಟ್ಟು ಬರುವಂತಿಲ್ಲ. ಮಂಚದ ಕೆಳಗೆ ಚಾಪೆ ಹಾಸಿಕೊಂಡು, ಎಲೆ ಅಡಿಕೆ ಮೆಲ್ಲುತ್ತ, ಮಾತೇ ಆಡದ ನೆಗೆಣ್ಣಿಯೊಬ್ಬಳು (ಮೈದುನನ ಹೆಂಡತಿ) ಕಾವಲಿದ್ದಳು.

“ಕುರಿ ಗಾಳಿಗೆ ಎದುರಾಗಿ ಮೇಯ್ಕೊಂತ ಹೋಗ್ತಾವ ತಂಗಿ. ಗಾಳಿ ಯಾ ಕಡಿದು ಅಂತ ಗೊತ್ತಾದ್ರ ಸಾಕು. ನಮ್ಮ ಮಂದಿ ಎಲ್ಲಿ ಅದಾರ ಅಂತ ಇಲ್ಲಿಂದನ ಕಾಣ್ತದ ನನಗ.”

ಮೋಸಂಬಿ ಸುಲಿದು ಕೊಟ್ಟೆ. ತಿಂದಳು. ಹೊರಡುವಾಗ ಕೇಳಿದಳು, “ನಾಳಿ ಬರ್ತೀಯೇನು? ಗಾಳಿ ನೋಡ್ಕಂಡ ಬಾ.”

ಹೋದೆ. ಮರುದಿನವೂ ಹೋದೆ. ಕಾಲೇಜು ಮುಗಿಸಿ ನೇರ ವಾರ್ಡಿಗೆ. ಬೇವಿನ ಮರದ ಕೆಳಗೆ ಐದು ನಿಮಿಷ, ಆಮೇಲೆ ಮೆಟ್ಟಿಲು. “ಮೂಡಲ ಅದ, ಸ್ವಲ್ಪ ತೆಂಕಲಕ್ಕ ಹೊಳ್ಳೇದ” ಎಂದರೆ ಆಕೆ ಕಣ್ಣು ಮುಚ್ಚಿ ನಡೆಯತೊಡಗುವಳು. ಕಾಲಿಗೆ ತೂಕ ಕಟ್ಟಿ ಮಂಚಕ್ಕೆ ಬಿಗಿದಿದ್ದ ಹೆಂಗಸು! ಕಾಲುವೆ ದಂಡೆ ದಾಟುವಳು. ಜಾಲಿ ಗಿಡದ ನೆರಳಿನಲ್ಲಿ ನಿಲ್ಲುವಳು. “ಇಲ್ಲೊಂದು ಕಲ್ಲಿನ ಬಾವಿ ಇತ್ತಲ್ಲ?” ಎಂದು ನನ್ನನ್ನು ಕೇಳುವಳು. ಅವು ನನ್ನ ಅವ್ವ ಕೂಲಿ ಮಾಡಿದ ಹೊಲಗಳು. ನನಗೂ ಗೊತ್ತಿದ್ದವು. “ಇತ್ತು, ಈಗ ಮುಚ್ಯಾರ ಯವ್ವಾ” ಎನ್ನುತ್ತಿದ್ದೆ. ಹಾಗೆ ಇಬ್ಬರೂ ಸಂಜೆಯ ಬಿಸಿಲಿನಲ್ಲಿ ನಡೆಯುತ್ತಿದ್ದೆವು. ಫ್ಯಾನಿನ ಸದ್ದು ಜೋಳದ ಗರಿಯ ಸದ್ದಾಗುತ್ತಿತ್ತು. ಬಿಳಿ ಹಾಸಿನ ಮಂಚಗಳೆಲ್ಲ ಹೊಲದಲ್ಲಿ ಮಲಗಿದ ಕುರಿಗಳ ಹಾಗೆ ಕಾಣುತ್ತಿದ್ದವು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಪಕ್ಕದ ಮಂಚದವಳು ಒಂದು ದಿನ ತಡೆಯಲಾರದೆ ಕೂಗಿದಳು: “ಸ್ವಲ್ಪ ನಿಂದರ್ರಿ! ನೀರ ಕುಡುದು ನಾನೂ ಬರ್ತೀನಿ!”

ವಾರ್ಡೆಲ್ಲ ನಕ್ಕಿತು. ಸಿಸ್ಟರ್ ಬಂದು, “ಏನ್ ನಡದದ ಇಲ್ಲಿ?” ಎಂದು ಗದರಿ, ತಾವೂ ಎರಡು ನಿಮಿಷ ನಿಂತು ಕೇಳಿ ಹೋದರು.

ಮನೆಗೆ ಬರುವಾಗ ಮೈ ಹಗುರಾಗಿರುತ್ತಿತ್ತು. ನಾನು ಬಹಳ ಒಳ್ಳೆಯವಳಾಗಿಬಿಟ್ಟೆ ಅನಿಸುತ್ತಿತ್ತು. (ಅಪಾಯ ಶುರುವಾಗುವುದೇ ಇಲ್ಲಿ. ಸೇವೆ ಮಾಡುವವರಿಗೆ ತಮ್ಮ ಬಗ್ಗೆಯೇ ಪ್ರೀತಿ ಹುಟ್ಟಿದರೆ ಯಾವ ಗುಳಿಗೆ ಕೊಡುವುದು?)

ಒಂದು ದಿನ ಮೀಟಿಂಗ್ ತಡವಾಯಿತು. ಓಡೋಡಿ ಬಂದೆ. ಮರದ ಕೆಳಗೆ ನಿಲ್ಲಲಿಲ್ಲ. ಆಕೆ ಕೇಳಿದಾಗ ಬಾಯಿಗೆ ಬಂದದ್ದು ಹೇಳಿದೆ: “ಮೂಡಲನ ಯವ್ವಾ. ದಿನಾ ಇದ್ದಂಗ ಅದ.”

ಮರುದಿನ ಹೋದರೆ ಯಂಕವ್ವ ನನ್ನತ್ತ ನೋಡಲಿಲ್ಲ.

“ಯಾಕ ಯವ್ವಾ, ನೋವು ಅದ ಏನು?”

“ಮುಂಜಾನಿ ನಮ್ಮ ಮನಿಯವ್ರು ಫೋನ್ ಮಾಡಿದ್ರು. ನಿನ್ನಿ ಮಧ್ಯಾಹ್ನದಾಗ ಗಾಳಿ ಹೊಳ್ಳಿ ಪಡುವಲಕ್ಕ ನಿಂತದ. ಕುರಿ ನೀರಮಾನ್ವಿ ದಾರಿಗೆ ಹೊಂಟಾವ. ನಾ ಇಲ್ಲಿ ರಾತ್ರಿತನಾ ಹಳ್ಳದಾಗ ಹುಡುಕೀನಿ ಅವನ್ನ.”

ನನ್ನ ಕಿವಿ ಬಿಸಿಯಾದವು.

“ಸುಳ್ಳು ಹೇಳಬ್ಯಾಡ ತಂಗಿ” ಅಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಸಮಾಧಾನ ಹೇಳೋರು ಇಲ್ಲಿ ಭಾಳ ಮಂದಿ ಅದಾರ. ಬಂದೋರೆಲ್ಲ ಅದನ್ನ ಹೇಳ್ತಾರ. ಗಾಳಿ ಹೇಳಾಕೀ ನೀ ಒಬ್ಬಾಕಿನ ಇದ್ದಿ.”

ವಿಹಾರದಲ್ಲಿ ಹತ್ತು ವರ್ಷ ಕೇಳಿದ ಉಪದೇಶ ಒಂದು ಕಡೆ, ಇದು ಒಂದು ಕಡೆ. ನಾನು ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತೆ. “ತಪ್ಪಾತು ಯವ್ವಾ” ಅಂದೆ. ಆಕೆ ನನ್ನ ಕೈ ಎಳೆದುಕೊಂಡಳು. ಆಮೇಲೆ ಕೇಳಿದಳು.

“ಹಂಗಾದ್ರ ಇದೊಂದು ಖರೆ ಹೇಳು. ಆಪರೇಷನ್ ಮಾಡಿಸ್ಕಂಡ್ರ ನಾ ಮತ್ತ ಕುರಿ ಹಿಂದ ನಡೀತೀನೇನು?”

ಇಷ್ಟು ದಿನವೂ ಆಕೆ ಆಪರೇಷನ್ ಬೇಡವೆಂದೇ ಹಟ ಹಿಡಿದಿದ್ದಳು. ರಾಡು ಹಾಕಿಸಿಕೊಂಡ ಅವರೂರಿನ ಒಬ್ಬಳು ಮತ್ತೆ ಮಂದೆಗೆ ಮರಳಲಿಲ್ಲವಂತೆ. ಡಾಕ್ಟರು “ಏನೂ ಆಗಲ್ಲ, ಆರಾಮಾಗ್ತೀರಿ” ಎಂದಷ್ಟೂ ಆಕೆಗೆ ಅನುಮಾನ. ಗಂಡ ಫೋನಿನಲ್ಲಿ “ನಿನಗ ಹೆಂಗ ಅನಸ್ತದ ಹಂಗ ಮಾಡು” ಎನ್ನುತ್ತಿದ್ದ. ದಿನ ಕಳೆದಂತೆ ಎಲುಬು ಕೂಡುವುದು ಕಷ್ಟವೆಂದು ಸಿಸ್ಟರ್ ನನ್ನ ಹತ್ತಿರ ಮೆಲ್ಲಗೆ ಹೇಳಿದ್ದರು.

ಡ್ಯೂಟಿ ಡಾಕ್ಟರನ್ನು ಹುಡುಕಿ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪ್ರಶ್ನೆ ಕೇಳಿ ಪೆನ್ನು ಕೆಳಗಿಟ್ಟರು. “ಮೇಡಂ, ಆಪರೇಷನ್ ಆದ್ರೆ ಕೋಲು ಹಿಡ್ಕೊಂಡು ನಡೀತಾರೆ. ಮನೆ, ಓಣಿ, ಅಷ್ಟು. ದಿನಕ್ಕೆ ಅಷ್ಟು ದೂರ ಕುರಿ ಹಿಂದೆ? ಆಗಲ್ಲ. ಆಪರೇಷನ್ ಇಲ್ಲದಿದ್ರೆ ಮಂಚನೇ.”

ವಾರ್ಡಿಗೆ ಮರಳುವ ಆ ಕಾರಿಡಾರ್ ಎಷ್ಟು ಉದ್ದವಿತ್ತು! “ಆರಾಮಾಗಿ ನಡೀತಿ ಯವ್ವಾ” ಎಂದುಬಿಟ್ಟರೆ ಎಷ್ಟು ಸುಲಭ. ಒಪ್ಪಿಗೆ ಸಿಗುತ್ತದೆ, ಕಾಲೂ ಉಳಿಯುತ್ತದೆ. ಒಳ್ಳೆಯದಕ್ಕೇ ಹೇಳುವ ಸುಳ್ಳು. ಆದರೂ ಆಕೆಯ ಮುಖ ನೋಡಿದ ಮೇಲೆ ನಾಲಗೆ ಏಳಲಿಲ್ಲ.

“ಇಲ್ಲ ಯವ್ವಾ” ಅಂದೆ. “ಕೋಲು ಹಿಡ್ಕಂಡು ಓಣಿತನಾ ನಡೀತಿ. ಕುರಿ ಹಿಂದ ಆಗೂದಿಲ್ಲಂತ. ಮಾಡಿಸ್ಕಳ್ಳಿಲ್ಲಂದ್ರ ಇದ ಮಂಚ.”

ಯಂಕವ್ವ ಗೋಡೆಗೆ ಮುಖ ಮಾಡಿದಳು. ನಾನು ಕೂತೇ ಇದ್ದೆ. ಆಕೆಯ ಹೆಗಲು ಒಂದೆರಡು ಸಲ ನಡುಗಿತು. ಪಕ್ಕೆಯ ಮೇಲೆ ಕೈ ಇಟ್ಟೆ, ತೆಗೆಯಲಿಲ್ಲ. ಕಿಟಕಿಯ ಬೆಳಕು ನೆಲದ ಮೇಲೆ ಹಳದಿಯಾಗಿ ಹರಡಿ, ಮಂಚದಿಂದ ಮಂಚಕ್ಕೆ ಸರಿದು, ಗೋಡೆ ಹತ್ತಿ, ಆರಿಹೋಯಿತು. ಆಕೆಯ ಉಸಿರು ನನ್ನ ಅಂಗೈ ಕೆಳಗೆ ಏರುತ್ತಿತ್ತು, ಇಳಿಯುತ್ತಿತ್ತು. ಒಂದು, ಎರಡು, ಹತ್ತು, ನೂರು. ಒಂದನ್ನೂ ನಾನು ತಪ್ಪಿಸಲಿಲ್ಲ.

ವಿಸಿಟಿಂಗ್ ಟೈಮ್ ಮುಗಿದ ಗಂಟೆ ಹೊಡೆದಾಗ ಎದ್ದೆ. ಆಟೊದಲ್ಲಿ ಅತ್ತುಬಿಟ್ಟೆ. ಆಕೆಯ ಹೊಲಗಳನ್ನು ನಾನೇ ಕಿತ್ತುಕೊಂಡೆನೆಂದು ಅನಿಸುತ್ತಿತ್ತು.

ಮರುದಿನ ಸಂಜೆ ಮಂಚ ಖಾಲಿ. ಅದುವರೆಗೆ ನನ್ನ ಜೊತೆ ಒಂದು ಮಾತೂ ಆಡದಿದ್ದ ನೆಗೆಣ್ಣಿ ಚಾಪೆಯಿಂದ ಎದ್ದು ಹೇಳಿದಳು: “ಆಪರೇಷನ್‌ಗೆ ಒಯ್ದಾರ. ನಿನ್ನಿ ನೀ ಹೋದಮ್ಯಾಗ ತಾನ ಸಿಸ್ಟರ್‌ನ ಕರದು ಒಪ್ಪಿದ್ಲು. ಕುಂದರು.”

ಇಬ್ಬರೂ ಚಾಪೆಯ ಮೇಲೆ ಕೂತು ಕಾದೆವು.

ಮೂರು ತಿಂಗಳ ಮೇಲೆ ಒಂದು ರಜೆಯ ದಿನ ದೇವದುರ್ಗಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಜಾಲಹಳ್ಳಿಯಲ್ಲಿ ಇಳಿದೆ. ಯಂಕವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಕೋಲು ಪಕ್ಕದಲ್ಲಿತ್ತು. ನನ್ನನ್ನು ಕಂಡು ಎದ್ದಳು. ತಾನಾಗಿಯೇ, ಯಾರ ಕೈಯನ್ನೂ ಹಿಡಿಯದೆ. ದೂರ ನಡೆಯಲಾರದ ಎಳೆಯ ಮರಿಗಳನ್ನು ಈಗ ಮಂದೆಯವರು ಆಕೆಯ ಹತ್ತಿರ ಬಿಟ್ಟು ಹೋಗುತ್ತಾರಂತೆ. ಏಳು ಮರಿ ಅಂಗಳದಲ್ಲಿ ಜಿಗಿಯುತ್ತಿದ್ದವು.

“ನಮ್ಮ ಮಂದಿ ಕುರಿ ಹೊಡ್ಕಂಡು ನನ್ನ ಬಿಟ್ಟು ಹೊಂಟ ದಿನ ಭಾಳ ಅತ್ತೆ” ಅಂದಳು. ಮುಚ್ಚಿಡಲಿಲ್ಲ. “ಈಗೂ ಒಮ್ಮೊಮ್ಮೆ ಅಳ್ತೀನಿ.”

“ನನ್ನ ಮ್ಯಾಲೆ ಸಿಟ್ಟು ಬಂದಿತ್ತೇನು ಯವ್ವಾ, ಆವತ್ತು?”

“ಬರಲಾರದ ಏನು? ಆ ಸಿಟ್ಟಿನಾಗನ ಸೂಜಿ ಚುಚ್ಚಿಸ್ಕಂಡೆ!” ಎಂದು ನಕ್ಕಳು. ನಕ್ಕು ಒಂದು ಮರಿಯನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು. ಬೆಚ್ಚಗಿತ್ತು. ಅದರ ಎದೆ ಪುಟಪುಟನೆ ಬಡಿದುಕೊಳ್ಳುತ್ತಿತ್ತು. ಅದು ನಿದ್ದೆ ಹೋಗುವವರೆಗೆ ನಾನು ಅಲುಗಲಿಲ್ಲ.

ಅಂದಿನಿಂದ ಭಾನುವಾರದ ಸಂಜೆಗಳು ನನಗೆ ವಾರ್ಡಿನಲ್ಲೇ. ಎಲ್ಲರಿಗೂ ನಾನು ಬೇಕಾಗುವುದಿಲ್ಲ. “ನಿದ್ದಿ ಮಾಡ್ತೀನ್ರಿ, ಹೋಗ್ರಿ” ಎಂದವರಿದ್ದಾರೆ. ಹೋಗುತ್ತೇನೆ. ಕೆಲವರಿಗೆ ಕೂದಲು ಬಾಚಬೇಕು. ಕೆಲವರಿಗೆ ಸೊಸೆಯನ್ನು ಬೈಯಲು ಒಂದು ಕಿವಿ ಬೇಕು. ಯಾರಿಗೂ ಧೈರ್ಯ ಹೇಳುವುದಿಲ್ಲ. ಕೇಳಿದ್ದನ್ನು ಸರಿಯಾಗಿ ನೋಡಿ ಬಂದು ಹೇಳುತ್ತೇನೆ, ಅಷ್ಟೇ. ಬೆಳಿಗ್ಗೆ ವಿಹಾರಕ್ಕೂ ಹೋಗುತ್ತೇನೆ. ಮಂಡಿ ಈಗಲೂ ನೋಯುತ್ತದೆ. ಕಣ್ಣು ಮುಚ್ಚಿದರೆ ಮಾತ್ರ ಗ್ಯಾಸ್ ಸಿಲಿಂಡರಿನ ಜಾಗದಲ್ಲಿ ಯಾರದೋ ಮುಖ ಬರುತ್ತದೆ. ಬಂದರೆ ಬರಲಿ ಎಂದು ಬಿಟ್ಟಿದ್ದೇನೆ.

ಕಳೆದ ಭಾನುವಾರ ಗೇಟಿನಲ್ಲಿ ಹೊಸ ಸೆಕ್ಯುರಿಟಿಯವರು ರಿಜಿಸ್ಟರ್ ಮುಂದೆ ಹಿಡಿದು ತಡೆದರು. “ಹಂಗ ಬಿಡಾಂಗಿಲ್ರಿ ಮೇಡಂ. ನಿಮ್ಮ ಪೇಷಂಟ್ ಹೆಸರು ಹೇಳ್ರಿ.”

“ಇನ್ನಾ ಗೊತ್ತಿಲ್ರಿ” ಅಂದೆ. “ಒಳಗ ಹೋಗಿ ಕೇಳ್ಕಂಡು ಬಂದು ಹೇಳ್ಲಾ?”