ಗಾರ್ಡ್ ಕಚ್ಚಿದ ಅತ್ತೆ

“ನಾ ಕಚ್ಚಂಗಿಲ್ಲ, ಬಾಯಿ ಸುಡ್ತದ!” ಎಂದು ಮಗಳು ತುಟಿ ಬಿಗಿದು ಕುಳಿತಳು. ಮರುದಿನ ವಾಡಿ ಪಟ್ಟಣದಲ್ಲಿ ಅವಳ ಹಾಕಿ ಪಂದ್ಯ. ಹಲ್ಲಿಗೆ ಪೆಟ್ಟಾಗದಂತೆ ಬಾಯೊಳಗೆ ಹಾಕಿಕೊಳ್ಳುವ ಮೌತ್‌ಗಾರ್ಡ್ ಇಲ್ಲದೆ ಆಡಿಸುವುದಿಲ್ಲವೆಂದು ಕೋಚ್ ಹೇಳಿದ್ದರು. ರೆಡಿಮೇಡ್ ಗಾರ್ಡ್ ಸಡಿಲವಾಗುತ್ತದೆಂದು, ಬಿಸಿನೀರಲ್ಲಿ ಮೆತ್ತಗಾಗಿಸಿ ಕಚ್ಚಿದರೆ ಹಲ್ಲಿಗೆ ಸರಿಯಾಗಿ ಕೂರುವಂಥದ್ದನ್ನೇ ಆರಿಸಿ ತಂದಿದ್ದೆ.

“ಇದಕ್ಯಾಕ ಇಷ್ಟು ಅಂಜ್ತಿ? ಇಲ್ಲಿ ಕೊಡು, ನಾ ತೋರಸ್ತೀನಿ,” ಎಂದು ನಮ್ಮ ಅತ್ತೆ ಅದನ್ನು ಗಟ್ಟಿಯಾಗಿ ಕಚ್ಚಿದರು. ಹೊರಗೆಳೆದರೆ, ಗಾರ್ಡಿಗೆ ಅಂಟಿಕೊಂಡು ಅವರ ಮೇಲಿನ ಹಲ್ಲಿನ ಸೆಟ್ಟೇ ಬಂದುಬಿಟ್ಟಿತು! ಮಗಳು ಬಿದ್ದು ಬಿದ್ದು ನಕ್ಕಳು. ನಾನು ಗಾರ್ಡನ್ನು ತೊಳೆದು ಮತ್ತೆ ಬಿಸಿನೀರಲ್ಲಿ ಅದ್ದಿ ಕೊಟ್ಟೆ. ನಗುತ್ತಲೇ ಕಚ್ಚಿದಳು.

ಕಟ್ಟಿಸಿದ ಹಲ್ಲಿನ ಗುಟ್ಟನ್ನು ಬೀಗರಿಗೂ ಬಿಟ್ಟುಕೊಡದಿದ್ದ ಅತ್ತೆ, ಈಗ ತಂಡದ ಹುಡುಗಿಯರು ಹೊಸ ಗಾರ್ಡ್ ಹಿಡಿದು ಬಂದರೆ ತಾವೇ ಕರೆದು ಕೂರಿಸಿಕೊಂಡು, ಹಲ್ಲು ಕಳಚಿ ತೋರಿಸುತ್ತಾರೆ.